ಉದ್ಘಾಟನೆಗೆ 200 ಜನ, ಮೀಟಿಂಗಿಗೆ 9 ಜನ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯಲ್ಲಿ ಬಿಐಇಆರ್‌ಟಿ, ಅಂದರೆ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ಕಣ್ಣು ಕಾಣದ ಮತ್ತು ಮಂದದೃಷ್ಟಿಯ ಮಕ್ಕಳ ಶಾಲೆ, ಮನೆ ಸುತ್ತುವುದು ನನ್ನ ಕೆಲಸ. ಸ್ಪೆಷಲ್ ಟೀಚರ್‌ಗಳು, ಮೊಬಿಲಿಟಿ ಟ್ರೇನರ್‌ಗಳು (ಬಿಳಿ ಕೋಲು ಹಿಡಿದು ಓಡಾಡಲು ಕಲಿಸುವವರು), ಲೋ ವಿಷನ್ ಆಪ್ಟೋಮೆಟ್ರಿಸ್ಟ್‌ಗಳು (ಮಂದದೃಷ್ಟಿಯವರ ಕಣ್ಣು ಪರೀಕ್ಷಿಸುವವರು) ಸೇರಿ ಮೂರು ವರ್ಷದ ಹಿಂದೆ ಒಂದು ಅಖಿಲ ಭಾರತ ಸಂಘ ಮಾಡಿದೆವು. ಉದ್ಘಾಟನೆಗೆ 200 ಜನ ಬಂದಿದ್ದರು. ಈಗ ಮೀಟಿಂಗ್ ಕರೆದರೆ 9 ಜನ ಬರುತ್ತಾರೆ. ಸದಸ್ಯರನ್ನು ಹೆಚ್ಚಿಸುವುದು ಹೇಗೆ? ನಾವೇ ಒಂದು ಸರ್ಟಿಫಿಕೇಟ್ ಕೊಡಬಹುದೇ? ಅಂಧರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳುವ ವಿಷಯದಲ್ಲಿ ನಮ್ಮಲ್ಲೇ ಎರಡು ಗುಂಪು ಆಗಿದೆ. ಮುಂದಿನ ಅಧಿವೇಶನ ಬೆಂಗಳೂರಿನಲ್ಲಿ ಮಾಡಬೇಕೋ ಹುಬ್ಬಳ್ಳಿಯಲ್ಲೋ ಎಂಬುದೂ ತೀರ್ಮಾನವಾಗಿಲ್ಲ.

ಉತ್ತರ:

ನಮಸ್ಕಾರ ಮೇಡಂ. ನಿಮ್ಮ 200 ಮತ್ತು 9 ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾವೂ ಇಂಥದ್ದೇ ಒಂದು ಸಂಘ ಕಟ್ಟಿದ್ದೆವು. ಮಂತ್ರಿಗಳು ಬಂದರು, ದೀಪ ಹಚ್ಚಿದರು, ಶಾಲು ಹೊದಿಸಿದ್ದಾಯಿತು. ಮುಂದಿನ ವರ್ಷದ ಲೆಕ್ಕಪತ್ರಕ್ಕೆ ಸಹಿ ಹಾಕೋಕೆ ಖಜಾಂಚಿಯೇ ಸಿಗಲಿಲ್ಲ. ಬ್ಯಾನರ್ ಮಾತ್ರ ಬಹಳ ದಿನ ನಮ್ಮ ಮನೆಯ ಅಟ್ಟದ ಮೇಲೆ ಇತ್ತು.

ಈ ಕಾಯಿಲೆ ನಮ್ಮ ದೇಶದ್ದೇ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಅಂಧ ಮಕ್ಕಳ ಶಾಲೆಗಳವರು ಮೊದಲ ಸಲ ಒಟ್ಟಿಗೆ ಸೇರಿದ್ದು 1853ರಲ್ಲಿ, ನ್ಯೂಯಾರ್ಕ್‌ನಲ್ಲಿ. ಎರಡನೇ ಸಭೆ ಯಾವಾಗ ಗೊತ್ತಾ? 1871ರಲ್ಲಿ. ನಡುವೆ 18 ವರ್ಷ. ಆಮೇಲೇ ಅದು ಗಟ್ಟಿಯಾಗಿ ನಿಂತಿದ್ದು. ನಿಮಗೆ ಆಗಿರುವುದು ಮೂರು ವರ್ಷ, ಇನ್ನೂ ಸಮಯ ಇದೆ.

ಸದಸ್ಯರ ಸಂಖ್ಯೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮುಂಚೆ ನಾನೊಂದು ಕೇಳಬೇಕು. ನಿಮ್ಮ ಸಂಘದಲ್ಲಿ ಇರುವವರೆಲ್ಲ ತಾವು ಒಂದೇ ವೃತ್ತಿಯವರು ಅಂತ ನಂಬಿದ್ದಾರೆಯೇ?

ಮೈಸೂರಿನ ಉದಾಹರಣೆ ತೆಗೆದುಕೊಳ್ಳಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಎರಡೇ ವರ್ಷದಲ್ಲಿ, 1967ರಲ್ಲಿ, ಇಂಡಿಯನ್ ಸ್ಪೀಚ್ ಅಂಡ್ ಹಿಯರಿಂಗ್ ಅಸೋಸಿಯೇಷನ್ ಹುಟ್ಟಿತು. ಇವತ್ತಿಗೂ ವರ್ಷಾವರ್ಷ ಸಮ್ಮೇಳನ ನಡೆಸುತ್ತದೆ, ಅವರದ್ದೇ ಜರ್ನಲ್ ಇದೆ. ಅವರಿಗೆ ಅದು ಸಾಧ್ಯವಾಗಿದ್ದು ಹೇಗೆ? ಒಂದೇ ಥರದ ಪದವಿ ಓದಿದವರು. ಒಬ್ಬರನ್ನು ಕಂಡರೆ ಇನ್ನೊಬ್ಬರು "ನಮ್ಮ ಜೂನಿಯರ್" ಅನ್ನುತ್ತಾರೆ. ಯಾರು ಒಳಗೆ, ಯಾರು ಹೊರಗೆ ಎಂಬ ಗೊಂದಲ ಕಡಿಮೆ.

ನಮ್ಮ ಕ್ಷೇತ್ರ ಹಾಗಿಲ್ಲ. ನಾವು ಒಂದೇ ಮನೆಗೆ ನಾಲ್ಕು ಬಾಗಿಲಿನಿಂದ ಬಂದವರು. ನೀವು ಸ್ಪೆಷಲ್ ಬಿ.ಎಡ್ ಮಾಡಿ ಶಿಕ್ಷಣ ಇಲಾಖೆಯ ಬಾಗಿಲಿನಿಂದ ಬಂದಿರಿ. ಆಪ್ಟೋಮೆಟ್ರಿಸ್ಟ್ ಕಣ್ಣಾಸ್ಪತ್ರೆಯ ಬಾಗಿಲಿನಿಂದ ಬಂದರು. ಬಿಳಿ ಕೋಲು, ಕಂಪ್ಯೂಟರ್ ಕಲಿಸುವವರು ಸ್ವಯಂಸೇವಾ ಸಂಸ್ಥೆಗಳಿಂದ. ಹಳ್ಳಿಯಲ್ಲಿ ಗೌರವಧನಕ್ಕೆ ದುಡಿಯುವ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅಂಗವಿಕಲರ ಇಲಾಖೆಯ ಬಾಗಿಲಿನಿಂದ. ಕಾನೂನಿನಲ್ಲೂ ಹಾಗೇ ಹಂಚಿಹೋಗಿದ್ದೇವೆ. ಸ್ಪೆಷಲ್ ಟೀಚರ್, ಮೊಬಿಲಿಟಿ ತಜ್ಞರೆಲ್ಲ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ಬರುತ್ತಾರೆ, ಅಂದರೆ ನಾವು ಆ ಪರಿಷತ್ತಿನ, ಆರ್‌ಸಿಐನ, ನೋಂದಣಿ ನಂಬರಿನವರು. ಆಪ್ಟೋಮೆಟ್ರಿಸ್ಟ್‌ಗಳಿಗೆ 2021ರಲ್ಲಿ ಬಂದ ಬೇರೆಯೇ ಆಯೋಗದ ಕಾಯ್ದೆ ಇದೆ. ಒಂದೇ ಮಗುವಿನ ಕಣ್ಣಿನ ಕೆಲಸ, ರಿಜಿಸ್ಟರ್ ಮಾತ್ರ ಎರಡು.

ಹಾಗಾಗಿ "ಬನ್ನಿ, ಸದಸ್ಯರಾಗಿ" ಅಂತ ಕರೆದರೆ ಪ್ರತಿಯೊಬ್ಬರೂ ಮನಸ್ಸಿನಲ್ಲೇ "ಇದು ನಮ್ಮದಲ್ಲ, ಅವರದ್ದು" ಅಂದುಕೊಳ್ಳುತ್ತಾರೆ. ಟೀಚರ್‌ಗಳಿಗೆ ಇದು ಆಸ್ಪತ್ರೆಯವರ ಸಂಘ. ಆಸ್ಪತ್ರೆಯವರಿಗೆ ಇದು ಟೀಚರ್‌ಗಳ ಸಂಘ. ಬರದೇ ಇದ್ದ ಆ 191 ಜನರಲ್ಲಿ ಹೆಚ್ಚಿನವರು ಸಿಟ್ಟಾಗಿ ಬಿಟ್ಟವರಲ್ಲ. ಇಲ್ಲಿ ತಮ್ಮ ಕುರ್ಚಿ ಯಾವುದು ಅಂತ ಗೊತ್ತಾಗದೆ ಸುಮ್ನೆ ಹೊರಟುಹೋದವರು.

ಇವರನ್ನು ಒಂದು ಮಾಡುವುದು ಭಾಷಣದಿಂದ ಆಗುವ ಕೆಲಸವಲ್ಲ. ನನ್ನ ಅನುಭವದಲ್ಲಿ ಅದನ್ನು ಮಾಡುವುದು ಕೇಸುಗಳು. ನಮ್ಮ ಆ ಹಳೇ ಸಂಘ ಸತ್ತ ಮೇಲೆ ಒಂದೇ ಒಂದು ಅಭ್ಯಾಸ ಉಳಿದುಕೊಂಡಿತು. ತಿಂಗಳಿಗೊಮ್ಮೆ ಏಳೆಂಟು ಜನ ಫೋನಿನಲ್ಲಿ ಸೇರಿ ಒಂದು ಕೇಸು ಚರ್ಚೆ ಮಾಡುತ್ತಿದ್ದೆವು. ಒಂದು ಸಲ ಒಬ್ಬ ಟೀಚರ್ ಒಂಬತ್ತನೇ ಕ್ಲಾಸಿನ ಹುಡುಗನ ವಿಷಯ ತಂದರು. ಬೋರ್ಡ್ ಮೇಲಿನ ಅಕ್ಷರ ಚೆನ್ನಾಗಿ ಓದುತ್ತಾನೆ. ಆದರೆ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆಯುತ್ತಾನೆ, ಸಂಜೆಯಾದರೆ ಗೆಳೆಯನ ಕೈ ಹಿಡಿದೇ ನಡೆಯುತ್ತಾನೆ. ಶಾಲೆಯವರೆಲ್ಲ "ನಾಟಕ ಮಾಡ್ತಾನೆ" ಅಂತ ತೀರ್ಪು ಕೊಟ್ಟಾಗಿತ್ತು. ಫೋನಿನಲ್ಲಿದ್ದ ಆಪ್ಟೋಮೆಟ್ರಿಸ್ಟ್ ಒಂದೇ ಪ್ರಶ್ನೆ ಕೇಳಿದರು: ಫೀಲ್ಡ್ ಟೆಸ್ಟ್, ಅಂದರೆ ಸುತ್ತ ಎಷ್ಟು ಅಗಲ ಕಾಣುತ್ತದೆ ಅನ್ನುವ ಪರೀಕ್ಷೆ, ಆಗಿದೆಯಾ? ಆಗಿರಲಿಲ್ಲ. ಮಾಡಿಸಿದಾಗ ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಗೊತ್ತಾಯಿತು. ನಡುವಿನ ದೃಷ್ಟಿ ಉಳಿದಿತ್ತು, ಸುತ್ತಲಿನದ್ದು ಹೋಗಿತ್ತು. ಕೊಳವೆಯೊಳಗಿಂದ ಜಗತ್ತು ನೋಡಿದ ಹಾಗೆ.

ಈಗಿನ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಕ್ಷರ ಎಷ್ಟೇ ಚೆನ್ನಾಗಿ ಓದಲಿ, ದೃಷ್ಟಿಯ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದು ಅಂಧತ್ವವೇ. 40ರಿಂದ 10 ಡಿಗ್ರಿಯ ನಡುವೆ ಇದ್ದರೆ ಮಂದದೃಷ್ಟಿ. ಇದು ಗೊತ್ತಿಲ್ಲದ ಕಡೆ ಇಂಥ ಮಕ್ಕಳು ಅಂಗವಿಕಲತೆಯ ಸರ್ಟಿಫಿಕೇಟೂ ಇಲ್ಲದೆ, ಬೈಗುಳ ತಿಂದುಕೊಂಡು ಓಡಾಡುತ್ತಿರುತ್ತಾರೆ. ಆ ಹುಡುಗನಿಗೆ ಮೊಬಿಲಿಟಿ ಟ್ರೇನರ್ ಸಂಜೆ ಹೊತ್ತಿನಲ್ಲಿ ಕೋಲು ಹಿಡಿಯುವುದನ್ನು ಕಲಿಸಿದರು. ಟೀಚರ್ ಅವನ ಬೆಂಚನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ದೂರದಿಂದ ನೋಡಿದರೆ ಆ ಕೊಳವೆಯೊಳಗೆ ಬೋರ್ಡು ಜಾಸ್ತಿ ಸಿಗುತ್ತದೆ. ಮಂದದೃಷ್ಟಿ ಅಂದ ಕೂಡಲೇ ಮುಂದಿನ ಬೆಂಚು ಅನ್ನುವುದು ನಮ್ಮೆಲ್ಲರ ಅಭ್ಯಾಸ ನೋಡಿ. ಆಮೇಲೆ ಮೂವರಿಗೂ ಅನ್ನಿಸಿದ್ದು ಒಂದೇ: ಇದು ನನ್ನೊಬ್ಬನಿಂದ ಆಗುತ್ತಿರಲಿಲ್ಲ. ಸಂಘ ಬೆಳೆಯುವುದು ಅಲ್ಲಿಂದ.

ನಿಮ್ಮ 9 ಜನರಿಂದಲೇ ಇದನ್ನು ಶುರು ಮಾಡಿ. ತಿಂಗಳಿಗೊಂದು ಕೇಸು, ಒಂದು ಗಂಟೆ. ಮಗುವಿನ ಹೆಸರು, ಊರು, ಫೋಟೋ ಯಾವುದೂ ಬೇಡ. ಪ್ರತಿ ಸದಸ್ಯರು ಮುಂದಿನ ತಿಂಗಳು ಬೇರೆ ಬಾಗಿಲಿನಿಂದ ಬಂದ ಒಬ್ಬರನ್ನು ಕರೆತರಬೇಕು. ಟೀಚರ್ ಇನ್ನೊಬ್ಬ ಟೀಚರನ್ನು ತಂದರೆ ಲೆಕ್ಕಕ್ಕಿಲ್ಲ.

ಇನ್ನು ನಿಮ್ಮ ಎರಡು ಗುಂಪಿನ ಜಗಳ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಯಾಕೆಂದರೆ ಅಮೆರಿಕದವರು ಇಲ್ಲೇ ಎಡವಿದ್ದು.

1895ರಲ್ಲಿ ಅಲ್ಲಿ ಅಂಧರೇ ಸೇರಿ ಒಂದು ಸಂಘ ಮಾಡಿಕೊಂಡರು. ಅಂಧರಿಗೂ ಕಾಲೇಜು ಶಿಕ್ಷಣ ಸಿಗಬೇಕು ಅನ್ನುವುದು ಅವರ ಉದ್ದೇಶ. ಹತ್ತು ವರ್ಷದಲ್ಲಿ ಆ ಸಂಘ ವೃತ್ತಿಪರರಿಗೆಲ್ಲ ಬಾಗಿಲು ತೆರೆಯಿತು, 1905ರಲ್ಲಿ ಹೆಸರನ್ನೂ ಬದಲಾಯಿಸಿಕೊಂಡಿತು: ಅಮೆರಿಕನ್ ಅಸೋಸಿಯೇಷನ್ ಆಫ್ ವರ್ಕರ್ಸ್ ಫಾರ್ ದ ಬ್ಲೈಂಡ್. ಒಳ್ಳೆಯ ಕೆಲಸಗಳನ್ನೂ ಮಾಡಿತು. ಆಗ ಅಲ್ಲಿ ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್, ಬ್ರಿಟಿಷ್ ಬ್ರೈಲ್ ಅಂತ ಬೇರೆ ಬೇರೆ ಚುಕ್ಕಿ ಲಿಪಿಗಳು ಇದ್ದವು. ಒಂದು ಊರಿನ ಪುಸ್ತಕ ಇನ್ನೊಂದು ಊರಿನ ಮಗುವಿಗೆ ಓದಲು ಬರುತ್ತಿರಲಿಲ್ಲ. ಈ ಸಂಘ, ಶಾಲಾ ಶಿಕ್ಷಕರ ಸಂಘ ಎರಡೂ ಸಮಿತಿ ಮಾಡಿ, ವರ್ಷಗಟ್ಟಲೆ ಕಿತ್ತಾಡಿ, ಕೊನೆಗೆ ಒಂದೇ ಲಿಪಿಯ ಕಡೆ ಬಂದವು. 1932ರಲ್ಲಿ ಬ್ರಿಟನ್ ಜೊತೆಗೂ ಒಪ್ಪಂದ ಆಯಿತು. ನಮ್ಮಲ್ಲೂ ಬೇರೆ ಬೇರೆ ಬ್ರೈಲ್‌ಗಳ ಇದೇ ಗೋಳಿತ್ತು. 1951ರಲ್ಲಿ ಭಾರತಿ ಬ್ರೈಲ್ ಬಂದಿದ್ದರಿಂದ ಕನ್ನಡದ 'ಕ', ತಮಿಳಿನ 'ಕ', ಹಿಂದಿಯ 'ಕ' ಒಂದೇ ಚುಕ್ಕಿಗಳಾದವು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ರಿಚರ್ಡ್ ಹೂವರ್ ಎಂಬುವರು ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ಉದ್ದ ಕೋಲಿನ ವಿಧಾನ ರೂಪಿಸಿದರು. ನಾವು ಇವತ್ತು ಕಲಿಸುವುದು ಅದನ್ನೇ. 1948ರಲ್ಲಿ ಹೈನ್ಸ್ ಎಂಬಲ್ಲಿ ಸೈನಿಕರ ಪುನರ್ವಸತಿ ಕೇಂದ್ರ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ರಸೆಲ್ ವಿಲಿಯಮ್ಸ್ ಸ್ವತಃ ಯುದ್ಧದಲ್ಲಿ ಕಣ್ಣು ಕಳೆದುಕೊಂಡವರು. 1960ರಲ್ಲಿ ಬಾಸ್ಟನ್ ಕಾಲೇಜಿನಲ್ಲಿ ಮೊಬಿಲಿಟಿ ತಜ್ಞರ ಕೋರ್ಸ್ ಬಂತು. ಆ ದಶಕದ ಕೊನೆಗೆ, 1905ರಲ್ಲಿ ಹೆಸರು ಬದಲಾಯಿಸಿಕೊಂಡ ಅದೇ ವರ್ಕರ್‌ಗಳ ಸಂಘ ಮೊಬಿಲಿಟಿ ತಜ್ಞರಿಗೆ ಸರ್ಟಿಫಿಕೇಟ್ ಕೊಡಲು ಶುರು ಮಾಡಿತು. ಅದರಲ್ಲಿ ಒಂದು ನಿಯಮ: ಕಲಿಸುವವರಿಗೆ ಸಾಕಷ್ಟು ದೃಷ್ಟಿ ಇರಬೇಕು.

ಅಂಧರೇ ಹುಟ್ಟುಹಾಕಿದ ಸಂಘ, ಅಂಧರು ಈ ಪಾಠ ಹೇಳಬಾರದು ಅಂತು.

ಕಾರಣ ಕೊಟ್ಟಿದ್ದು ಸುರಕ್ಷತೆಯದ್ದು. ರಸ್ತೆ ದಾಟುವಾಗ ವಿದ್ಯಾರ್ಥಿಯನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು. ನಿಮ್ಮಲ್ಲಿ ವಿರೋಧಿಸುವ ಗುಂಪೂ ಇದನ್ನೇ ಹೇಳುತ್ತಿರಬೇಕು, ಅಲ್ವಾ? 1940ರಲ್ಲಿ ಹುಟ್ಟಿದ್ದ ಅಲ್ಲಿನ ಅಂಧರ ಒಕ್ಕೂಟ ಇದನ್ನು ಒಪ್ಪಲಿಲ್ಲ. ಹೋರಾಟ ದಶಕಗಟ್ಟಲೆ ನಡೆಯಿತು. 1990ರ ದಶಕದಲ್ಲಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ತಡವಾಗಿತ್ತು. ಒಕ್ಕೂಟದ ಬೆಂಬಲದಿಂದ ಬೇರೆ ತರಬೇತಿ, ಬೇರೆ ಸರ್ಟಿಫಿಕೇಟ್ ಮಂಡಳಿಯೇ ಬಂದುಬಿಟ್ಟಿತು. ಇವತ್ತಿಗೂ ಅಲ್ಲಿ ಮೊಬಿಲಿಟಿ ತಜ್ಞರಿಗೆ ಎರಡು ಬೇರೆ ಬೇರೆ ಸರ್ಟಿಫಿಕೇಟ್ ಇವೆ. ಅಂಧ ಶಿಕ್ಷಕರು ಕೋಲು ಕಲಿಸುತ್ತಿದ್ದಾರೆ, ಚೆನ್ನಾಗಿಯೇ ಕಲಿಸುತ್ತಿದ್ದಾರೆ. ವಾಹನದ ಸದ್ದನ್ನು ಓದುವುದನ್ನು ಅವರಿಗಿಂತ ಚೆನ್ನಾಗಿ ಯಾರು ಹೇಳಿಕೊಡುತ್ತಾರೆ? ನಾವು ತರಬೇತಿಯಲ್ಲಿ ಕೆಲವು ಗಂಟೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಲಿತದ್ದು ಅವರ ದಿನನಿತ್ಯ.

ನನ್ನ ಉತ್ತರದಲ್ಲಿ ಅನುಮಾನವಿಲ್ಲ. ಸದಸ್ಯತ್ವಕ್ಕೆ ಓದು ಮತ್ತು ಕೆಲಸ ನೋಡಿ. ಕಣ್ಣು ಕಾಣುತ್ತದೋ ಇಲ್ಲವೋ ಎಂಬ ಕಾಲಂ ಅರ್ಜಿಯಲ್ಲಿ ಇರಲೇಬಾರದು. ಅಂಧ ವೃತ್ತಿಪರರನ್ನು "ಗೌರವ ಸದಸ್ಯರು" ಅಂತ ಪಕ್ಕದ ಕುರ್ಚಿಯಲ್ಲಿ ಕೂರಿಸುವ ರಾಜಿ ಸೂತ್ರಕ್ಕೂ ಹೋಗಬೇಡಿ. ಓಟಿಲ್ಲದ ಗೌರವ ಯಾರಿಗೆ ಬೇಕು? ಇನ್ನೊಂದು ವಿಷಯ. ನಮ್ಮ ದೇಶದಲ್ಲೂ ಅಂಧರ ಹಕ್ಕಿನ ಸಂಘಟನೆಗಳು ಗಟ್ಟಿಯಾಗಿವೆ. ಅವು ಅಂಧರದ್ದೇ ಸಂಘಗಳು. 1952ರ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಸೇವೆ ಕೊಡುವ ಸಂಸ್ಥೆ. ನಿಮ್ಮದು ಮೂರನೇ ಜಾತಿ, ಕೆಲಸ ಮಾಡುವವರ ಸಂಘ. ಆ ಎರಡರ ಜಾಗಕ್ಕೆ ಕೈ ಹಾಕದೆ, ಅವರನ್ನು ಸಭೆಗೆ ಕರೆಯಿರಿ.

ಬಾಗಿಲು ತೆರೆದರಷ್ಟೇ ಆಗಲಿಲ್ಲ, ಒಳಗೆ ಬಂದವರಿಗೆ ಕೆಲಸ ಮಾಡೋಕೆ ಆಗಬೇಕು. ನೀವು ಪತ್ರದ ಜೊತೆ ಕಳಿಸಿದ ಸುತ್ತೋಲೆ ನೋಡಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಮೊಬೈಲಿನಲ್ಲಿ ಫೋಟೋ ಹೊಡೆದು ಗ್ರೂಪಿಗೆ ಹಾಕಿದ್ದೀರಿ. ಮೇಡಂ, ದೃಷ್ಟಿ ತಜ್ಞರ ಸಂಘದ ಸುತ್ತೋಲೆ ಕಣ್ಣಿದ್ದವರಿಗೆ ಮಾತ್ರ! ಫೋಟೋ ಬಿಟ್ಟು ಫೈಲನ್ನೇ ಕಳಿಸಿದರೂ ಆ ಹಳೆಯ ಫಾಂಟನ್ನು ಸ್ಕ್ರೀನ್ ರೀಡರ್ (ಪರದೆ ಮೇಲಿನದ್ದನ್ನು ಓದಿ ಹೇಳುವ ತಂತ್ರಾಂಶ) ಇಂಗ್ಲಿಷ್ ಅಕ್ಷರಗಳ ಗೊಣಗಾಟದ ಹಾಗೆ ಓದುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ನೇರವಾಗಿ ಮೆಸೇಜಾಗಿ ಹಾಕಿ. ಖರ್ಚು ಸೊನ್ನೆ. ಸಭೆಯಲ್ಲಿ ಸ್ಲೈಡ್ ತೋರಿಸುವವರು "ಇಲ್ಲಿ ನೋಡಿ" ಅನ್ನದೆ, ಅಲ್ಲಿರುವುದನ್ನು ಬಾಯಿಬಿಟ್ಟು ಹೇಳಲಿ. ಮಾತನಾಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಲಿ. ಎರಡು ಸಭೆಯಲ್ಲಿ ಅಭ್ಯಾಸವಾಗುತ್ತದೆ.

ಸರ್ಟಿಫಿಕೇಟ್ ಕೋರ್ಸ್ ಬೇಡ. ಆಸೆ ಅರ್ಥವಾಗುತ್ತದೆ. ಫೀಸು ಬರುತ್ತದೆ, ಜನ ಬರುತ್ತಾರೆ. ಆದರೆ ಸದಸ್ಯತ್ವದ ದುಡ್ಡು ತೆಗೆದುಕೊಳ್ಳುವವರೇ ಪರೀಕ್ಷೆ ಮಾಡಿ ಪಾಸು ಅಂದರೆ ಆ ಕಾಗದವನ್ನು ಯಾರು ನಂಬುತ್ತಾರೆ? ಅಮೆರಿಕದಲ್ಲಿ ಶಿಕ್ಷಕರ ಸಂಘ, ವರ್ಕರ್‌ಗಳ ಸಂಘ ಎರಡೂ 1984ರಲ್ಲಿ ಸೇರಿ ಒಂದಾದವು. ಅದನ್ನು ಚುಟುಕಾಗಿ ಎಇಆರ್ ಅನ್ನುತ್ತಾರೆ. 2000ದಲ್ಲಿ ಅವರು ಸರ್ಟಿಫಿಕೇಟಿನ ಕೆಲಸವನ್ನು ಪೂರ್ತಿ ಬೇರೆ ಮಂಡಳಿಗೆ ಬಿಟ್ಟುಕೊಟ್ಟರು. ಪರೀಕ್ಷೆ ಬರೆಯಲು ಸಂಘದ ಸದಸ್ಯರಾಗಿರಬೇಕಿಲ್ಲ. ನಮ್ಮಲ್ಲಿ ಪುನರ್ವಸತಿ ಕೋರ್ಸಿಗೆ ಮಾನ್ಯತೆ ಕೊಡುವ ಅಧಿಕಾರ ಆರ್‌ಸಿಐಗೆ ಇದೆ. ಮಾನ್ಯತೆಯಿಲ್ಲದ ಕೋರ್ಸು ಓದಿದ ಹುಡುಗಿ ನಾಳೆ ಕೆಲಸಕ್ಕೆ ಅರ್ಜಿ ಹಾಕಿದಾಗ ಬೈಯುವುದು ನಿಮ್ಮನ್ನೇ.

ಅದರ ಬದಲು ಸಿಆರ್‌ಇ, ಅಂದರೆ ಈಗಾಗಲೇ ಕೆಲಸದಲ್ಲಿರುವವರಿಗೆ ಮುಂದುವರಿಕೆ ತರಬೇತಿಯ ಕಾರ್ಯಕ್ರಮ ಮಾಡಿ. ಆರ್‌ಸಿಐ ನೋಂದಣಿ ನವೀಕರಣಕ್ಕೆ ನಿಮ್ಮವರೆಲ್ಲ ಸಿಆರ್‌ಇ ಅಂಕ ಹುಡುಕುತ್ತಾ ಓಡಾಡುತ್ತಿರುತ್ತಾರೆ. ಎಷ್ಟೋ ಕಡೆ ಅಂಕಕ್ಕಾಗಿ ನಿದ್ದೆ ಹೊಡೆಯುತ್ತಾ ಕೂರಬೇಕು, ಮಧ್ಯಾಹ್ನದ ಊಟ ಒಂದೇ ಸಮಾಧಾನ. ನೀವು ಒಪ್ಪಿಗೆ ಪಡೆದ ಸಂಸ್ಥೆಯ ಜೊತೆ ಸೇರಿ, ಕೈಗೆ ಕೆಲಸ ಕೊಡುವ ಎರಡು ದಿನದ ತರಬೇತಿ ಮಾಡಿ. ಭೂತಗನ್ನಡಿ ಆರಿಸುವುದು ಹೇಗೆ, ಫೋನಿನ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಕನ್ನಡ ಓದಿಸುವುದು ಹೇಗೆ, ಮಗುವಿನ ಎತ್ತರಕ್ಕೆ ಕೋಲು ಅಳೆಯುವುದು ಹೇಗೆ. ಇದರ ಜೊತೆಗೆ ಒಂದು ಹಾಳೆಯ ಪಟ್ಟಿ ಮಾಡಿ: ಒಬ್ಬರನ್ನು ಒಂಟಿಯಾಗಿ ಮುಖ್ಯ ರಸ್ತೆ ದಾಟಲು ಬಿಡುವ ಮುಂಚೆ ಏನೇನು ಕಲಿಸಿರಬೇಕು, ಏನೇನು ಪರೀಕ್ಷಿಸಿರಬೇಕು. ಅಂಥ ಒಂದು ಹಾಳೆಗೆ ಐದು ರಾಜ್ಯದವರು ಒಪ್ಪಿದರೆ ನೀವು ನಿಜವಾಗಿ ರಾಷ್ಟ್ರೀಯ ಸಂಘ.

ದುಡ್ಡಿನ ವಿಷಯಕ್ಕೆ ಬಂದರೆ, ಆಜೀವ ಸದಸ್ಯತ್ವ ನಿಲ್ಲಿಸಿ. ನಮ್ಮ ಸಂಘಗಳಿಗೆ ಇದೊಂದು ಚಟ. ಒಂದು ಸಲ ದುಡ್ಡು ಬರುತ್ತದೆ, ಖರ್ಚಾಗುತ್ತದೆ, ಸದಸ್ಯರು ಕಾಣೆಯಾಗುತ್ತಾರೆ. ವರ್ಷಕ್ಕೊಮ್ಮೆ ಕೇಳಬೇಕಾದರೆ ವರ್ಷಕ್ಕೊಮ್ಮೆ ಏನಾದರೂ ಕೊಡಬೇಕಾಗುತ್ತದೆ, ಆ ಭಯ ಪದಾಧಿಕಾರಿಗಳಿಗೆ ಒಳ್ಳೆಯದು. ಎಲ್ಲರಿಗೂ ಒಂದೇ ದರ ಬೇಡ. ಗೌರವಧನದವರಿಗೆ 200 ರೂಪಾಯಿ, ಆಸ್ಪತ್ರೆ ಮತ್ತು ಸರ್ಕಾರಿ ಸಂಬಳದವರಿಗೆ 1,500 ಅಂತ ಇಡಬಹುದು. ಓಟು ಇಬ್ಬರಿಗೂ ಒಂದೇ. ವಿಆರ್‌ಡಬ್ಲ್ಯೂಗಳನ್ನು ಬಿಟ್ಟು ಈ ಕ್ಷೇತ್ರದಲ್ಲಿ ದೊಡ್ಡ ಸಂಘ ಕಟ್ಟುತ್ತೇನೆ ಅನ್ನುವುದು ಬೇರಿಲ್ಲದ ಮರ ನೆಟ್ಟ ಹಾಗೆ. 2011ರ ಜನಗಣತಿಯಲ್ಲಿ ದೃಷ್ಟಿ ದೋಷ ಇರುವವರು ಅಂತ ಬರೆಸಿದವರು 50 ಲಕ್ಷಕ್ಕಿಂತ ಜಾಸ್ತಿ. ಅವರಲ್ಲಿ ಎಷ್ಟೋ ಜನರ ಮನೆ ಬಾಗಿಲಿಗೆ ಹೋಗುವುದು ಆಪ್ಟೋಮೆಟ್ರಿಸ್ಟೂ ಅಲ್ಲ, ನಾನೂ ಅಲ್ಲ.

ನೋಂದಣಿಯ ಬಗ್ಗೆ ಕೇಳಿಲ್ಲ, ಆದರೂ ಒಂದು ಮಾತು. ಪ್ರತಿ ವರ್ಷದ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಹೋಗಿದೆಯಾ ನೋಡಿಕೊಳ್ಳಿ. ಮೂರು ವರ್ಷ ಮರೆತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಭಾಷೆಯದ್ದೂ ಯೋಚನೆ ಮಾಡಿ. ರಾಷ್ಟ್ರೀಯ ಅಂದ ಕೂಡಲೇ ಎಲ್ಲ ಇಂಗ್ಲಿಷ್, ಹಿಂದಿಗೆ ಹೋಗುತ್ತದೆ, ತಾಲ್ಲೂಕಿನವರು ಕ್ಯಾಮರಾ ಆಫ್ ಮಾಡಿ ಸುಮ್ಮನೆ ಕೂರುತ್ತಾರೆ. ಎಇಆರ್‌ನಲ್ಲಿ ರಾಜ್ಯದ ಶಾಖೆಗಳೂ ಇವೆ, ಕೆಲಸದ ಪ್ರಕಾರ ವಿಭಾಗಗಳೂ ಇವೆ. ಒಬ್ಬ ಮೊಬಿಲಿಟಿ ಟ್ರೇನರ್ ತನ್ನ ರಾಜ್ಯದ ಶಾಖೆಯಲ್ಲೂ ಇರುತ್ತಾನೆ, ದೇಶದ ಮೊಬಿಲಿಟಿ ವಿಭಾಗದಲ್ಲೂ ಇರುತ್ತಾನೆ. ನಿಮಗೆ ಇದು ಚೆನ್ನಾಗಿ ಹೊಂದುತ್ತದೆ. ಕೇಸು ಚರ್ಚೆ ರಾಜ್ಯದ ಭಾಷೆಯಲ್ಲಿ ನಡೆಯಲಿ. ವರ್ಷಕ್ಕೊಮ್ಮೆ ವಿಭಾಗದವರು ಯಾವ ಭಾಷೆಯಲ್ಲಾದರೂ ಒದ್ದಾಡಿಕೊಳ್ಳಲಿ.

ಕಣ್ಣಿನ ಡಾಕ್ಟರ್‌ಗಳನ್ನು ಮರೆಯಬೇಡಿ. ಅವರ ಅಖಿಲ ಭಾರತ ಸೊಸೈಟಿ 1930ರಿಂದ ಇದೆ, ಕರ್ನಾಟಕದವರದ್ದೂ ಬೇರೆ ಇದೆ. ನಮ್ಮ ಕೆಲಸ ಶುರುವಾಗಬೇಕಾದ್ದು ಅವರು "ಇನ್ನೇನೂ ಮಾಡೋಕಾಗಲ್ಲ" ಅಂದ ಕ್ಷಣದಲ್ಲಿ. ಆಗುವುದು ಏನೆಂದರೆ, ಅಲ್ಲಿಂದ ಮನೆಗೆ ಹೋದ ಮನುಷ್ಯ ನಾಲ್ಕೈದು ವರ್ಷ ಮೂಲೆಯಲ್ಲಿ ಕೂತ ಮೇಲೆ ನಮ್ಮ ಕೈಗೆ ಸಿಗುತ್ತಾನೆ. ಅವರ ಸಮ್ಮೇಳನದಲ್ಲಿ ಒಂದು ಅರ್ಧ ಗಂಟೆ ಕೇಳಿ ಪಡೆಯಿರಿ. ನಿಮ್ಮ ಜಿಲ್ಲೆಯಲ್ಲಿ ಯಾರು ಏನು ಕಲಿಸುತ್ತಾರೆ ಅಂತ ಫೋನ್ ನಂಬರ್ ಸಮೇತ ಒಂದು ಚೀಟಿ ಮಾಡಿ, ಅವರ ಟೇಬಲ್ ಮೇಲೆ ಇಟ್ಟು ಬನ್ನಿ.

ಕೊನೆಗೆ, ಅಧಿವೇಶನ ಹುಬ್ಬಳ್ಳಿಯಲ್ಲೇ ಮಾಡಿ. ಬೆಂಗಳೂರಾದರೆ ಹೋಟೆಲ್ ಬಾಡಿಗೆಗೇ ನಿಮ್ಮ ದುಡ್ಡೆಲ್ಲ ಮುಗಿಯುತ್ತದೆ, ಹಾವೇರಿ, ಗದಗದವರಿಗೆ ಎರಡು ದಿನ ರಜೆ ಜಾಸ್ತಿ ಬೇಕಾಗುತ್ತದೆ. ಹುಬ್ಬಳ್ಳಿ ರೈಲ್ವೆ ಜಂಕ್ಷನ್, ಮಹಾರಾಷ್ಟ್ರ, ಆಂಧ್ರದ ಕಡೆಯವರಿಗೂ ದಾರಿ. ಸ್ಟೇಷನ್ನಿಗೆ ಹತ್ತಿರದ ಹಾಲ್ ಹುಡುಕಿ. ಆಹ್ವಾನ ಪತ್ರಿಕೆಯಲ್ಲಿ ಮ್ಯಾಪಿನ ಚಿತ್ರ ಬೇಡ, ದಾರಿಯನ್ನು ಮಾತಿನಲ್ಲಿ ಬರೆಯಿರಿ. ಸ್ಟೇಷನ್ ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಯಾವ ಕೈಗೆ ತಿರುಗಬೇಕು, ಎಷ್ಟು ಹೆಜ್ಜೆಗೆ ಇಳಿಜಾರು ಸಿಗುತ್ತದೆ, ಯಾವ ಕಡೆಯಿಂದ ಆಟೋ ಸ್ಟ್ಯಾಂಡಿನ ಸದ್ದು ಕೇಳುತ್ತದೆ. ಬರೆಯುವ ಕೆಲಸವನ್ನು ನಿಮ್ಮಲ್ಲಿ ಬಿಳಿ ಕೋಲು ಹಿಡಿದು ಆ ದಾರಿ ನಡೆದು ನೋಡುವವರಿಗೇ ಕೊಡಿ. ನನಗೂ ಒಂದು ಪ್ರತಿ ಕಳಿಸಿ, ಬರುತ್ತೇನೆ.